ಬಾತ್‌ರೂಮ್ ಒಡೆಸುವ ಮುಂಚೆ: ಮೂರು ಕೊಟೇಶನ್ ತೂಗಿ ನೋಡುವುದು ಹೇಗೆ?

ನಮ್ಮ ಭಾವ ಹಳೇ ಬಾತ್‌ರೂಮ್ ಹೊಸದು ಮಾಡಿಸಲು ಮೂವರು ಕಂಟ್ರಾಕ್ಟರ್‌ಗಳ ಹತ್ತಿರ ರೇಟ್ ಕೇಳಿದರು. ಕಮ್ಮಿ ಹೇಳಿದವನಿಗೇ ಕೆಲಸ ಕೊಟ್ಟರು. ಮೂರನೇ ದಿನದಿಂದ ರಾಗ ಶುರು. "ಡೆಬ್ರಿ (ಒಡೆದ ಚೂರು, ಮಣ್ಣು) ಸಾಗಿಸೋದು ಇದ್ರಲ್ಲಿ ಸೇರಿಲ್ಲ ಸಾರ್." "ಗೋಡೆ ಒಳಗಿನ ಪೈಪ್ ಬೇರೆ ಸಾರ್." ಕೆಲಸ ಮುಗಿಯುವಾಗ ಬಿಲ್ಲು ಎರಡನೆಯವನ ರೇಟನ್ನೂ ದಾಟಿತ್ತು. ಮೂರು ತಿಂಗಳಿಗೆ ಕೆಳಗಿನ ರೂಮಿನ ಸೀಲಿಂಗ್ ಒದ್ದೆ.

1. ಹಳೇ ಕೆಲಸ ನೋಡಿ. ಹೋದ ತಿಂಗಳು ಮಾಡಿದ್ದಲ್ಲ, ಎರಡು ವರ್ಷದ ಹಿಂದೆ ಮಾಡಿದ್ದು. ಹೊಸ ಬಾತ್‌ರೂಮ್ ಎಲ್ಲರದ್ದೂ ಚೆನ್ನಾಗೇ ಇರುತ್ತದೆ.

2. ಪಟ್ಟಿ ನೀವೇ ಬರೆಯಿರಿ. ಎಲ್ಲರೂ ಎಡವುವುದು ಇಲ್ಲೇ. "ಪೂರ್ತಿ ಬಾತ್‌ರೂಮಿಗೆ ಇಷ್ಟು" ಅಂತ ಬರೆದ ಮೂರು ಚೀಟಿ ಇಟ್ಟುಕೊಂಡು ಯಾವುದು ಅಗ್ಗ ಅಂತ ಹೇಳಲು ಆಗುವುದಿಲ್ಲ. ಟೈಲ್ಸ್ ಒಡೆಯುವುದು, ಡೆಬ್ರಿ ಸಾಗಿಸುವುದು, ಪೈಪ್ ಯಾವ ಕಂಪನಿಯದು, ನೀರು ಸೋರದಂತೆ ಮಾಡುವ ವಾಟರ್‌ಪ್ರೂಫಿಂಗ್, ಗೀಸರಿಗೆ 4 ಚದರ ಮಿಲಿಮೀಟರ್ ವೈರು, ಟೈಲ್ಸ್ ಕೂರಿಸುವ ಕೂಲಿ ಚದರಡಿಗೆ ಎಷ್ಟು, ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಎಲ್ಲಕ್ಕೂ ಒಂದೊಂದು ಸಾಲು. "ಒಳ್ಳೇ ಕ್ವಾಲಿಟಿ" ಅಂತ ಬರೆದುಕೊಟ್ಟರೆ ಅದನ್ನು ಹೊಡೆದು ಹಾಕಿ, ಕಂಪನಿ ಹೆಸರು ಬರೆಸಿ. ಮೂವರಿಗೂ ಇದೇ ಪಟ್ಟಿ ಕೊಡಿ.

ಈಗ ಒಂದೊಂದೇ ಸಾಲು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬನ ರೇಟ್ ದಿಢೀರಂತ ಇಳಿದಿರುವ ಸಾಲು ಬಹುಪಾಲು ವಾಟರ್‌ಪ್ರೂಫಿಂಗ್ ಆಗಿರುತ್ತದೆ. ಹೇಗೆ ಮಾಡ್ತೀರಿ ಅಂತ ಕೇಳಿ. "ಸಿಮೆಂಟಿಗೆ ಒಂದು ಬಾಟ್ಲಿ ಕೆಮಿಕಲ್ ಹಾಕ್ತೀವಿ, ಸಾಕು" ಅಂದರೆ ಅಗ್ಗದ ಗುಟ್ಟು ಗೊತ್ತಾಯಿತು, ಅಲ್ವಾ? ಪೈಪ್ ಹೊರಬರುವ ಸಂದುಗಳನ್ನು ಮೊದಲು ಮುಚ್ಚಬೇಕು. ನೆಲಕ್ಕೆ ಮತ್ತು ಗೋಡೆಯ ಬುಡಕ್ಕೆ ಒಂದಡಿ ಎತ್ತರದವರೆಗೆ ವಾಟರ್‌ಪ್ರೂಫಿಂಗ್ ಲೇಪ ಎರಡು ಕೋಟ್ ಬಳಿಯಬೇಕು. ಶವರ್ ಇರುವ ಗೋಡೆಗೆ ಆರಡಿಯವರೆಗೆ. ಕೋಟ್ ಒಣಗಿದ ಮೇಲೆ ನೀರು ಹೋಗುವ ತೂತು ಮುಚ್ಚಿ, ಎರಡಿಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಎಳೆದು 48 ಗಂಟೆ ಬಿಡಿ. ಆಮೇಲೆ ನೀರು ಗೆರೆಯಿಂದ ಇಳಿದಿದೆಯಾ, ಕೆಳಗಿನ ಸೀಲಿಂಗ್ ಒದ್ದೆಯಾಗಿದೆಯಾ ನೋಡಿ. ಈ ಪರೀಕ್ಷೆ ಆಗದೆ ಟೈಲ್ಸ್ ಕೂರಿಸುವಂತಿಲ್ಲ ಅಂತ ಕೊಟೇಶನ್ನಿನಲ್ಲೇ ಬರೆಸಿ. ಇದಕ್ಕೆ ಒಪ್ಪುವವನು ಸ್ವಲ್ಪ ಜಾಸ್ತಿ ಕೇಳಿದರೂ ನಾನು ಅವನಿಗೇ ಕೊಡುತ್ತೇನೆ.

ಬೇಸಿನ್ ಕೆಳಗಿನ ಕಪಾಟಿನಲ್ಲೂ ಇಂಥದೇ ಆಟ. "ವಾಟರ್‌ಪ್ರೂಫ್ ಪ್ಲೈ" ಅಂತ ಬಾಯಲ್ಲಿ ಹೇಳಿ ಎಂಆರ್ ಪ್ಲೈ (ಬರೀ ತೇವ ತಡೆಯುವಂಥದು, ನೀರಲ್ಲ) ತಂದು ಹಾಕುತ್ತಾರೆ. ಒದ್ದೆ ಜಾಗಕ್ಕೆ ಬೇಕಾದ್ದು ಐಎಸ್ 710 (ಮೆರೈನ್ ಪ್ಲೈವುಡ್‌ನ ಭಾರತೀಯ ಮಾನದಂಡ) ಗುರುತಿನದು. ಹಾಳೆಯ ಮೇಲಿನ ಸಿಎಂ/ಎಲ್ ನಂಬರನ್ನು (ತಯಾರಕರ ಲೈಸೆನ್ಸ್ ನಂಬರ್) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ.

3. ಟೈಲ್ಸ್, ನಲ್ಲಿ ನೀವೇ ತನ್ನಿ. ದುಡ್ಡು ಉಳಿಸಬೇಕಾದರೆ ಇಲ್ಲಿ ಉಳಿಸಿ. ಗೋಡೆಗೆ ಸಾದಾ ಟೈಲ್ಸ್ ಸಾಕು. ಆದರೆ ಸಂದಿಗೆ ಬಿಳಿ ಸಿಮೆಂಟ್ ಬೇಡ, ವರ್ಷದೊಳಗೆ ಕಪ್ಪಾಗುತ್ತದೆ. ನೀರು ಹೀರದ ಎಪಾಕ್ಸಿ ಗ್ರೌಟ್ (ಸಂದಿ ತುಂಬುವ ರಾಳದ ಮಿಶ್ರಣ) ಹಾಕಿಸಿ.

4. ದುಡ್ಡು ಕಂತಿನಲ್ಲಿ ಕೊಡಿ. ಅರ್ಧ ಅಡ್ವಾನ್ಸ್ ಕೇಳಿದರೆ ಸುಮ್ನೆ ಎದ್ದು ಬನ್ನಿ. ಒಡೆಯಲು ಶುರು ಮಾಡಿದಾಗ ಒಂದಿಷ್ಟು, ನೀರಿನ ಪರೀಕ್ಷೆ ಪಾಸಾದ ಮೇಲೆ ಒಂದಿಷ್ಟು, ಟೈಲ್ಸ್ ಆದ ಮೇಲೆ ಇನ್ನೊಂದಿಷ್ಟು. ಕೊನೆಯ ನೂರಕ್ಕೆ ಹತ್ತು ಭಾಗ ಒಂದು ತಿಂಗಳು ನಿಮ್ಮ ಹತ್ತಿರವೇ ಇರಲಿ. ಅವನು ಅದನ್ನು ಕೇಳಲು ಬರುವ ಮುಂಚೆ ಐದು ರೂಪಾಯಿ ನಾಣ್ಯ ಹಿಡಿದು ಒಂದೊಂದೇ ಟೈಲ್ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಸರಿಯಾಗಿ ತುಂಬಿಲ್ಲ ಅಂತ ಅರ್ಥ; ಅಲ್ಲೆಲ್ಲ ಸ್ಕೆಚ್ ಪೆನ್ನಿನಲ್ಲಿ ಇಂಟು ಗುರುತು ಹಾಕಿಡಿ.