ಕೊರಿಯನ್ ಭಾಷೆಗೆ ಸಂಧಿ ಪಾಠದ ದಾರಿ: ಸೋಲ್‌ನ ಬೇಸಿಗೆ ತರಗತಿಗೆ ನಾನು ಸಿದ್ಧಳಾದ ಬಗೆ

ಕೊರಿಯನ್ ಕಲಿಯಬೇಕೆಂದಿರುವ ಕನ್ನಡದ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಪಾಠಗಳು ಇಂಗ್ಲಿಷಿನಲ್ಲಿದ್ದರೂ ಭಾಷೆಯನ್ನು ಇಂಗ್ಲಿಷಿನ ಮೂಲಕ ಅರ್ಥಮಾಡಿಕೊಳ್ಳಬೇಡಿ. ಪ್ರತಿ ಕೊರಿಯನ್ ವಾಕ್ಯವನ್ನೂ ಕನ್ನಡ ವಾಕ್ಯದ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ಪ್ರತ್ಯಯ ನಾಮಪದದ ನಂತರ ಅಂಟುತ್ತದೆ, ಹಿರಿಯರಿಗೆ ಬೇರೆ ಕ್ರಿಯಾರೂಪ ಬರುತ್ತದೆ. ಇಂಗ್ಲಿಷ್ ಪಠ್ಯಗಳು ಇವನ್ನೆಲ್ಲ ಪುಟಗಟ್ಟಲೆ ವಿವರಿಸುತ್ತವೆ. ನಮಗೆ ಆ ವಿವರಣೆಯೇ ಬೇಕಿಲ್ಲ.

ನಾನು ಹಾಸನದವಳು, ಎಂಜಿನಿಯರಿಂಗ್ ಓದುತ್ತಿದ್ದೇನೆ, ಪಿಯುಸಿಯಿಂದಲೂ ಲೀಗ್ ಆಫ್ ಲೆಜೆಂಡ್ಸ್ ಎಂಬ ಕಂಪ್ಯೂಟರ್ ಆಟ ಆಡುತ್ತಾ ಬಂದಿದ್ದೇನೆ. ಈ ಆಟವನ್ನು ಮನಸ್ಸಿಟ್ಟು ಆಡುವವರೆಲ್ಲ ಒಂದಲ್ಲ ಒಂದು ದಿನ ಕೊರಿಯಾದ ವೃತ್ತಿಪರ ಲೀಗ್ ಆದ ಎಲ್‌ಸಿಕೆಯ ಪಂದ್ಯಗಳನ್ನು ನೋಡಲು ಆರಂಭಿಸುತ್ತಾರೆ. 2013ರಲ್ಲಿ ಮೊದಲ ಬಾರಿ ವಿಶ್ವ ಚಾಂಪಿಯನ್ ಆದ ಕೊರಿಯಾದ ಆಟಗಾರ ಫೇಕರ್, ಅಂದರೆ ಲೀ ಸಾಂಗ್‌ಹ್ಯೊಕ್, ಹತ್ತು ವರ್ಷಗಳ ನಂತರ 2023ರಲ್ಲಿ ರಾಜಧಾನಿ ಸೋಲ್‌ನ ಗೊಚೊಕ್ ಸ್ಕೈ ಡೋಮ್‌ನಲ್ಲಿ ಮತ್ತೆ ಟ್ರೋಫಿ ಎತ್ತಿದರು. ಆ ಫೈನಲ್ ಅನ್ನು ನಾನು ಕೊರಿಯನ್ ವೀಕ್ಷಕ ವಿವರಣೆಯಲ್ಲಿ ನೋಡಿದೆ. ವಿವರಣೆಕಾರರ ದನಿಯ ಏರಿಳಿತ ಮೈ ನವಿರೇಳಿಸುತ್ತಿತ್ತು, ಆದರೆ ಒಂದು ಮಾತೂ ತಿಳಿಯಲಿಲ್ಲ. ಈ ಭಾಷೆ ನನಗೆ ಬೇಕೇ ಬೇಕು ಎಂಬ ಹಟ ಅಲ್ಲಿ ಹುಟ್ಟಿತು.

ಸೋಲ್‌ನ ಸಿಂಚೋನ್ ಸುತ್ತಮುತ್ತ ಯೊನ್ಸೆ, ಸೊಗಾಂಗ್, ಇಹ್ವಾ ವಿಶ್ವವಿದ್ಯಾಲಯಗಳಿವೆ. ವಿದೇಶಿಯರಿಗೆ ಕೊರಿಯನ್ ಕಲಿಸುವ ಸಂಸ್ಥೆಗಳು ಈ ಮೂರರಲ್ಲೂ ಇವೆ. ಇಂಥ ಕಡೆ ಸಾಮಾನ್ಯವಾಗಿ ಒಂದು ಅವಧಿಯೆಂದರೆ 10 ವಾರ, ವಾರಕ್ಕೆ 5 ದಿನ, ದಿನಕ್ಕೆ 4 ಗಂಟೆ, ಒಟ್ಟು 200 ಗಂಟೆಗಳ ಪಾಠ. ಜೂನ್‌ನಲ್ಲಿ ಆರಂಭವಾಗುವ ಬೇಸಿಗೆ ಅವಧಿಯನ್ನು ಆರಿಸಿಕೊಂಡೆ. 90 ದಿನಗಳೊಳಗಿನ ವಾಸಕ್ಕೆ ಸಿ-3 ವರ್ಗದ ವೀಸಾ ಸಾಕಾಗುತ್ತದೆ, ಅದಕ್ಕಿಂತ ಹೆಚ್ಚು ಕಾಲ ಭಾಷೆ ಕಲಿಯುವವರಿಗೆ ಡಿ-4 ಬೇಕು. ಬ್ಯಾಂಕಿನ ದಾಖಲೆ, ಕಾಲೇಜಿನ ಪತ್ರ, ಪ್ರವೇಶಪತ್ರ ಹೊಂದಿಸುವ ಕೆಲಸದಲ್ಲಿ ತಾಳ್ಮೆಯೊಂದನ್ನು ಬಿಟ್ಟರೆ ಹೇಳುವಂಥದ್ದೇನೂ ಇಲ್ಲ. ನನ್ನ ನಿಜವಾದ ಗುರಿ ಬೇರೆಯಿತ್ತು. ತರಗತಿ ಆರಂಭಕ್ಕೆ ಮೊದಲು ಅಲ್ಲಿ ಮಟ್ಟ ಅಳೆಯುವ ಪರೀಕ್ಷೆ ನಡೆಯುತ್ತದೆ. ಏನೂ ಬಾರದವರನ್ನು ಒಂದನೆಯ ಹಂತಕ್ಕೆ ಕಳುಹಿಸುತ್ತಾರೆ, ಅಲ್ಲಿ ಆರಂಭದ ದಿನಗಳು ಅಕ್ಷರಾಭ್ಯಾಸಕ್ಕೇ ಹೋಗುತ್ತವೆ. ಅಪ್ಪ ಅಮ್ಮ ಅಷ್ಟು ಹಣ ಹೊಂದಿಸಿ ಕಳುಹಿಸುವಾಗ ಊರಿನಲ್ಲೇ ಕುಳಿತು ಕಲಿಯಬಹುದಾದದ್ದನ್ನು ಅಲ್ಲಿ ಹೋಗಿ ಕಲಿಯಬಾರದು ಎಂದು ನಿರ್ಧರಿಸಿದೆ. ದಸರಾ ರಜೆಯಲ್ಲಿ ಅಭ್ಯಾಸ ಶುರುವಾಯಿತು.

ಕೊರಿಯನ್ ಲಿಪಿಯ ಹೆಸರು ಹಂಗುಲ್. ರಾಜ ಸೆಜೊಂಗ್ 1443ರಲ್ಲಿ ಅದನ್ನು ಸಿದ್ಧಪಡಿಸಿ 1446ರಲ್ಲಿ ಪ್ರಕಟಿಸಿದ. ಈಗ ಬಳಕೆಯಲ್ಲಿರುವ ಮೂಲ ಅಕ್ಷರಗಳು 24: ವ್ಯಂಜನ 14, ಸ್ವರ 10. ನಾಲಿಗೆಯ ಬುಡ, ನಾಲಿಗೆಯ ತುದಿ, ತುಟಿ, ಹಲ್ಲು, ಗಂಟಲು ಎಂದು ದನಿ ಹುಟ್ಟುವ ಸ್ಥಾನವನ್ನು ನೋಡಿ ವ್ಯಂಜನಗಳಿಗೆ ರೂಪ ಕೊಟ್ಟಿದ್ದಾರೆ. ಕವರ್ಗ, ತವರ್ಗ, ಪವರ್ಗ ಎಂದು ಬಾಯಿಪಾಠ ಮಾಡಿ ಬೆಳೆದ ನಮಗೆ ಈ ಕ್ರಮ ಥಟ್ಟನೆ ಹೊಳೆಯುತ್ತದೆ. ‘ಕ’ ಅಕ್ಷರಕ್ಕೆ ಇನ್ನೊಂದು ಗೆರೆ ಎಳೆದರೆ ಅದರ ಮಹಾಪ್ರಾಣ ಸಿಗುತ್ತದೆ, ‘ತ’ಕ್ಕೂ ಹಾಗೆಯೇ. ಲಿಪಿ ಬೇಗ ಬಂತು. ಉಚ್ಚಾರಣೆಗೆ ಮಾತ್ರ ಸಮಯ ಹಿಡಿಯಿತು.

‘ಓದುವುದೊಂದು, ಬರೆಯುವುದೊಂದು’ ಎಂದು ಕೊರಿಯನ್ ಬಗ್ಗೆ ಅನೇಕರು ದೂರುತ್ತಾರೆ. ಅದರ ಉಚ್ಚಾರಣೆಯ ನಿಯಮಗಳ ಪಟ್ಟಿಯನ್ನು ನೋಡುತ್ತಿದ್ದಾಗ ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಾಯಿತು. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಕಣ್ ಮತ್ತು ಪನಿ ಸೇರಿ ಕಂಬನಿ. ಕ, ತ, ಪ ಹೋಗಿ ಗ, ದ, ಬ ಬರುವ ಆದೇಶ ಸಂಧಿ ಇದು. ಕೊರಿಯನ್ನಿನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿಬಿದ್ದ ಕ, ತ, ಪಗಳಿಗೂ ಇದೇ ಆಗುತ್ತದೆ. ಪೀಠೋಪಕರಣಕ್ಕೆ ಅಲ್ಲಿ ‘ಕಾಗು’ ಎನ್ನುತ್ತಾರೆ, ಬರೆಯುವಾಗ ಎರಡೂ ಕಡೆ ಒಂದೇ ವ್ಯಂಜನ. ವಾಕ್ ಮತ್ತು ಈಶ ಸೇರಿ ವಾಗೀಶವಾಗುವಂತೆ, ‘ತಿನ್ನು’ ಎಂಬ ಧಾತು ‘ಮೊಕ್’ಗೆ ‘ಒ’ ಸೇರಿದಾಗ ‘ಮೊಗೊ’ ಆಗುತ್ತದೆ. ಇನ್ನು ವಾಕ್ ಮತ್ತು ಮಯ ಸೇರಿದರೆ ವಾಙ್ಮಯವಲ್ಲವೇ? ಸಾರು ಎಂಬ ಅರ್ಥದ ‘ಕುಕ್’, ನೀರು ಎಂಬ ಅರ್ಥದ ‘ಮುಲ್’ ಸೇರಿ ‘ಕುಙ್ಮುಲ್’. ಸಭ್ಯ ಮಾತಿನ ಕೊನೆಯಲ್ಲಿ ಸದಾ ಕೇಳುವ ‘ಹಮ್ನಿದಾ’ವನ್ನು ಬರೆಯುವುದು ‘ಹಪ್-ನಿ-ದಾ’ ಎಂದೇ. ಆದೇಶ, ಜಶ್ತ್ವ, ಅನುನಾಸಿಕ ಎಂದು ಮೂರು ತಲೆಬರಹ ಹಾಕಿ ಕೊರಿಯನ್ ಪದಗಳನ್ನು ಅವುಗಳ ಕೆಳಗೆ ತುಂಬುತ್ತಾ ಹೋದೆ. ಹತ್ತನೆಯ ತರಗತಿಯಲ್ಲಿ ಅಂಕಕ್ಕಾಗಿ ಉರು ಹೊಡೆದ ಆ ಪಾಠಗಳ ಮೇಲೆ ನನಗೆ ಈಗ ಬಹಳ ಪ್ರೀತಿ.

ಕನ್ನಡ ಕೈಹಿಡಿಯದ ಜಾಗಗಳೂ ಇವೆ. ಕೊರಿಯನ್ನಿನಲ್ಲಿ ‘ತ’ ಮೂರು ಬಗೆ: ಸಡಿಲವಾದದ್ದು, ಉಸಿರು ಹೊಮ್ಮುವಂಥದ್ದು, ಬಿಗಿಯಾದದ್ದು. ತಲ್ ಎಂದರೆ ಚಂದ್ರ, ಥಲ್ ಎಂದರೆ ಮುಖವಾಡ, ತ್ತಲ್ ಎಂದರೆ ಮಗಳು. ಬಿಗಿಯಾದ ‘ತ್ತ’ ನಮ್ಮ ಅಲ್ಪಪ್ರಾಣಕ್ಕೆ ಸಮೀಪ, ಉಸಿರಿನದು ನಮ್ಮ ‘ಥ’. ಆದರೆ ಪದದ ಆರಂಭದಲ್ಲಿ ಬರುವ ಸಡಿಲ ‘ತ’ದಲ್ಲೂ ಸ್ವಲ್ಪ ಉಸಿರಿರುವುದರಿಂದ ಚಂದ್ರನೂ ಮುಖವಾಡವೂ ನನ್ನ ಕಿವಿಗೆ ಒಂದೇ ಆಗಿ ಕೇಳುತ್ತಿದ್ದವು. ಸೋಲ್‌ನ ಯುವಜನರು ಇವನ್ನು ಮುಖ್ಯವಾಗಿ ಸ್ವರದ ಎತ್ತರದಿಂದ ಬೇರ್ಪಡಿಸುತ್ತಾರೆ ಎಂದು ತಿಳಿದ ಮೇಲೆ ದಾರಿ ಸಿಕ್ಕಿತು. ಚಂದ್ರ ತಗ್ಗಿದ ಶ್ರುತಿಯಲ್ಲಿ, ಮುಖವಾಡ ಏರಿದ ಶ್ರುತಿಯಲ್ಲಿ. ಮೊಬೈಲಿನಲ್ಲಿ ನನ್ನ ದನಿಯನ್ನು ಮುದ್ರಿಸಿ ನಿಘಂಟಿನ ದನಿಯೊಂದಿಗೆ ಹೋಲಿಸುತ್ತಿದ್ದೆ. ಈ ಒಂದು ಅಭ್ಯಾಸವನ್ನು ಯಾರೂ ಬಿಡಬಾರದು.

ವಾಕ್ಯರಚನೆಗೆ ಬಂದಾಗಲಂತೂ ಮನೆಗೆ ಬಂದಂತಾಯಿತು. ನಮ್ಮ ‘ಇದೆ’, ‘ಇಲ್ಲ’, ‘ಅಲ್ಲ’ಗಳನ್ನು ತೆಗೆದುಕೊಳ್ಳಿ. ಕೊರಿಯನ್ನಿನಲ್ಲಿ ಇದೆ ಎನ್ನಲು ‘ಇತ್ತಾ’, ಇಲ್ಲ ಎನ್ನಲು ‘ಒಪ್ತಾ’, ಅಲ್ಲ ಎನ್ನಲು ‘ಅನಿದಾ’. ‘ಪುಸ್ತಕ ಇಲ್ಲ’ ಮತ್ತು ‘ಪುಸ್ತಕ ಅಲ್ಲ’ ಎಂಬ ವ್ಯತ್ಯಾಸವನ್ನು ನಮಗೆ ಯಾರೂ ಕಲಿಸಬೇಕಿಲ್ಲ. ‘ನಿನ್ನೆ ಓದಿದ ಪುಸ್ತಕ’ದ ರಚನೆಯೂ ಹೀಗೆಯೇ: ‘ಓಜೆ ಇಲ್ಗುನ್ ಛೇಕ್’, ಮೂರು ಪದಗಳು ಅದೇ ಕ್ರಮದಲ್ಲಿ. ತಿಂದು ನೋಡು ಎನ್ನಲು ‘ಮೊಗೊ ಬೋದಾ’ ಎನ್ನುತ್ತಾರೆ, ‘ಬೋದಾ’ ಎಂದರೆ ನೋಡು. ಮಾಡಿಕೊಡು ಎನ್ನಲು ‘ಹೇ ಜುದಾ’, ‘ಜುದಾ’ ಎಂದರೆ ಕೊಡು. ಮಾಡಿಡು ಎನ್ನಲು ‘ಹೇ ದುದಾ’, ‘ದುದಾ’ ಎಂದರೆ ಇಡು. ಇಂಗ್ಲಿಷ್ ಪಠ್ಯದಲ್ಲಿ ಇವು ಬೇರೆ ಬೇರೆ ಅಧ್ಯಾಯಗಳು. ನಾನು ಇವನ್ನೆಲ್ಲ ಒಂದೇ ಸಂಜೆ ಓದಿ ಮುಗಿಸಿದೆ. ಇನ್ನು ಬಂದನು, ಬಂದಳು, ಬಂದವು ಎಂಬ ಲಿಂಗ ವಚನಗಳ ತೊಡಕು ಅಲ್ಲಿ ಇಲ್ಲವೇ ಇಲ್ಲ. ಮಾತಿನ ವಿಷಯ ಯಾವುದೆಂದು ತೋರಿಸುವ ‘ಉನ್’, ‘ನುನ್’ ಎಂಬ ಪ್ರತ್ಯಯಗಳು ಮಾತ್ರ ಬಹಳ ಕಾಡಿದವು. ‘ನಾನಂತೂ’ ಎನ್ನುವಾಗಿನ ‘ಅಂತೂ’ ಅವಕ್ಕೆ ಅಲ್ಲಲ್ಲಿ ಹೊಂದುತ್ತದೆ, ಎಲ್ಲ ಕಡೆಯೂ ಅಲ್ಲ. ಅದನ್ನು ಸಾಕಷ್ಟು ಕೇಳಿಯೇ ಕಲಿಯಬೇಕು.

ಕೇಳಲು, ಓದಲು ಹೆಚ್ಚಿನ ಸಮಯ ಸಿಕ್ಕಿದ್ದು ಆಟದಿಂದ. ಮೊದಲು ಕೀಲಿಮಣೆ. ಕೊರಿಯಾದ ಸಾಮಾನ್ಯ ಕೀಲಿಮಣೆ ವಿನ್ಯಾಸದಲ್ಲಿ ವ್ಯಂಜನಗಳು ಎಡಗೈಗೆ, ಸ್ವರಗಳು ಬಲಗೈಗೆ. ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸ ಇದಕ್ಕೆ ತೀರಾ ಉಲ್ಟಾ. ಲೀಗ್ ಆಡುವವರ ಎಡಗೈ ಬೆರಳುಗಳು ಕ್ಯೂ, ಡಬ್ಲ್ಯು, ಇ, ಆರ್ ಮೇಲೆ ವರ್ಷಗಳಿಂದ ಕುಳಿತಿರುತ್ತವೆ. ಆ ನಾಲ್ಕು ಕೀಲಿಗಳೇ ಅಲ್ಲಿ ಪ, ಚ, ತ, ಕ. ನೋಡದೆ ಟೈಪ್ ಮಾಡುವುದನ್ನು ಹೀಗೆ ಆಟದ ಕೈಗಳಿಂದಲೇ ಕಲಿತೆ. ನಂತರ ಆಟದ ಭಾಷೆಯನ್ನು ಕೊರಿಯನ್‌ಗೆ ಬದಲಿಸಿದೆ. ಯಾವ ಗುಂಡಿ ಏನು ಮಾಡುತ್ತದೆ ಎಂಬುದು ಮೊದಲೇ ಗೊತ್ತಿರುವುದರಿಂದ ಅರ್ಥ ತಾನಾಗಿ ಬರುತ್ತದೆ.

ಆದರೆ ವೇಗದ ಆಟಗಳು ಭಾಷೆ ಕಲಿಯುವವರಿಗೆ ಅಷ್ಟು ಒಳ್ಳೆಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಕೇಳಿಬರುವುದು ಹಿಂದೆ, ಎಡಕ್ಕೆ, ಕಾದಿರು, ಓಡು ಎಂಬ ಕೂಗುಗಳಷ್ಟೇ. ಭಾಷಾ ವಿನಿಮಯಕ್ಕೆಂದು ಪರಿಚಯವಾದ ಬುಸಾನ್‌ನ ಗೆಳತಿಯೊಬ್ಬಳ ಜೊತೆ ನಾನು ಸ್ಟಾರ್‌ಡ್ಯೂ ವ್ಯಾಲಿ ಆಡತೊಡಗಿದೆ. ಅದು ಇಬ್ಬರು ಸೇರಿ ಹೊಲ ಮಾಡುವ ಆಟ. ಮಳೆ ಬರುತ್ತಿದೆ, ನೀರು ಹಾಕಬೇಕಿಲ್ಲ. ನಾಳೆ ಹಬ್ಬ, ಏನು ಉಡುಗೊರೆ ಕೊಡೋಣ. ಕುಂಬಳವನ್ನು ಈಗಲೇ ಮಾರಿಬಿಡೋಣವೇ? ಇವು ಪೂರ್ಣ ವಾಕ್ಯಗಳು, ದಿನನಿತ್ಯದ ಮಾತುಗಳು. ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅವಳ ರಾತ್ರಿ 10 ಗಂಟೆ ನನಗೆ ಸಂಜೆ 6:30. ಅರ್ಧ ಹೊತ್ತು ಕೊರಿಯನ್, ಅರ್ಧ ಹೊತ್ತು ಅವಳಿಗಾಗಿ ಇಂಗ್ಲಿಷ್ ಎಂಬ ಒಪ್ಪಂದವನ್ನು ಇಬ್ಬರೂ ಕಟ್ಟುನಿಟ್ಟಾಗಿ ಪಾಲಿಸಿದೆವು.

ಸಂಖ್ಯೆಗಳೂ ಆಟದ ಅಂಗಡಿಗಳಲ್ಲೇ ಪಳಗಿದವು. ಕೊರಿಯನ್ನರು ದೊಡ್ಡ ಮೊತ್ತವನ್ನು ‘ಮಾನ್’ ಅಂದರೆ ಹತ್ತು ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ. ಹತ್ತು ಮಾನ್ ಎಂದರೆ ಒಂದು ಲಕ್ಷ, ಸಾವಿರ ಮಾನ್ ಎಂದರೆ ಒಂದು ಕೋಟಿ, ಒಂದು ‘ಒಕ್’ ಎಂದರೆ ಹತ್ತು ಕೋಟಿ. ಮಿಲಿಯನ್ನಿಗೆ ಹೋಗದೆ ನೇರವಾಗಿ ಲಕ್ಷ ಕೋಟಿಗಳಿಗೆ ಬದಲಿಸುವುದು ನಮಗೆ ಸುಲಭ. ಗಡಿಯಾರದ ಗಂಟೆಗೆ ಅಚ್ಚ ಕೊರಿಯನ್ ಸಂಖ್ಯೆ, ನಿಮಿಷಕ್ಕೆ ಚೀನೀ ಮೂಲದ ಸಂಖ್ಯೆ ಎಂಬುದು ಮಾತ್ರ ಬಾಯಿಗೆ ಹತ್ತುವ ತನಕ ಹೇಳಿಕೊಳ್ಳುತ್ತಲೇ ಇರಬೇಕಾದ ವಿಷಯ.

ಆಟದಲ್ಲಿ ಕಲಿತ ಮಾತನ್ನು ತರಗತಿಗೆ ಹಾಗೆಯೇ ಒಯ್ಯುವಂತಿಲ್ಲ. ಗೆಳೆಯರ ನಡುವಿನ ಏಕವಚನದ ಮಾತಿಗೆ ‘ಪನ್ಮಲ್’ ಎನ್ನುತ್ತಾರೆ, ಆಟಗಳಲ್ಲೆಲ್ಲ ಅದೇ. ಶಿಕ್ಷಕರಿಗೆ, ಅಂಗಡಿಯವರಿಗೆ, ಅಪರಿಚಿತರಿಗೆ ಅದು ಸಲ್ಲದು. ಅದಕ್ಕಾಗಿ ಪುಸ್ತಕದಲ್ಲಿ ಮೂರು ಸಾಲು ಮಾಡಿಕೊಂಡೆ. ಆಟದಲ್ಲಿ ಕೇಳಿದ ಪ್ರತಿ ವಾಕ್ಯ ಮೊದಲ ಸಾಲಿನಲ್ಲಿ, ‘ಯೊ’ದಿಂದ ಮುಗಿಯುವ ಸಭ್ಯ ರೂಪ ಎರಡನೆಯದರಲ್ಲಿ, ‘ಸುಮ್ನಿದಾ’ದಿಂದ ಮುಗಿಯುವ ಔಪಚಾರಿಕ ರೂಪ ಮೂರನೆಯದರಲ್ಲಿ. ಬಾ, ಬನ್ನಿ, ಬರಬೇಕು ಎಂದು ನಾವು ಬೆಳೆಸುತ್ತಾ ಹೋಗುವಂತೆ. ಮೂರನೆಯ ಸಾಲಿಗೆ ನನಗೆ ಸಿಕ್ಕ ಅತ್ಯುತ್ತಮ ಗುರುಗಳು ಎಲ್‌ಸಿಕೆ ಆಟಗಾರರೇ. ಪಂದ್ಯ ಮುಗಿದ ಮೇಲಿನ ಸಂದರ್ಶನಗಳಲ್ಲಿ ಅವರು ಮಾತನಾಡುವುದು ಔಪಚಾರಿಕ ಭಾಷೆಯಲ್ಲಿ. ಚೆನ್ನಾಗಿ ಸಿದ್ಧತೆ ಮಾಡಿಕೊಂಡಿದ್ದೆವು, ಮುಂದೆಯೂ ಒಳ್ಳೆಯ ಆಟ ತೋರಿಸುತ್ತೇವೆ, ಅಭಿಮಾನಿಗಳಿಗೆ ಧನ್ಯವಾದ ಎಂಬಂಥ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಫೇಕರ್ ಮಾತು ನಿಧಾನ, ಶಾಂತ, ವಾಕ್ಯ ಪೂರ್ಣ. ಅವರ ಸಂದರ್ಶನಗಳನ್ನು ತುಂಡು ತುಂಡಾಗಿ ಕೇಳಿ, ಬರೆದು, ಅವರ ಜೊತೆಗೇ ಹೇಳುತ್ತಿದ್ದೆ. ಪಠ್ಯಕ್ಕಾಗಿ ಸೆಜೊಂಗ್ ಸಂಸ್ಥೆಯ ಉಚಿತ ಆನ್‌ಲೈನ್ ಪಾಠಗಳಿದ್ದವು. ಅಳತೆಗಾಗಿ ಕೊರಿಯನ್ ಭಾಷಾ ಸಾಮರ್ಥ್ಯ ಅಳೆಯುವ ಟೋಪಿಕ್‌ನ ಒಂದನೆಯ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿದ್ದೆ. ಅದರಲ್ಲಿ 200ಕ್ಕೆ 140 ಬಂದರೆ ಎರಡನೆಯ ಹಂತ.

ಹೊರಡುವ ಮುಂಚಿನ ವಾರಗಳನ್ನು ಊಟಕ್ಕೆ ಮತ್ತು ಪಿಸಿ ಬಾಂಗ್‌ಗೆ ಮೀಸಲಿಟ್ಟೆ. ನಾನು ಸಸ್ಯಾಹಾರಿ. ‘ಗೊಗಿ ಪ್ಪೆ ಜುಸೇಯೊ’, ಮಾಂಸ ತೆಗೆದು ಕೊಡಿ, ಎಂಬ ಒಂದು ವಾಕ್ಯ ಸಾಲದು. ಸಾರಿನಲ್ಲಿ ಒಣಮೀನು, ಕಿಮ್ಚಿಯಲ್ಲಿ ಮೀನಿನ ರಸ ಇರುವುದು ಅಲ್ಲಿ ಸಾಮಾನ್ಯ. ‘ಮ್ಯೊಲ್ಛಿ ದುರೊಗಾಯೊ?’, ಒಣಮೀನು ಹಾಕುತ್ತೀರಾ, ಎಂದು ಕೇಳಲು ಕಲಿತೆ, ಅದಕ್ಕಿಂತ ಹೆಚ್ಚಾಗಿ ಬರಬಹುದಾದ ಉತ್ತರಗಳನ್ನು ಗೆಳತಿಯಿಂದ ಹೇಳಿಸಿಕೊಂಡು ಕೇಳಿದೆ. ಪಿಸಿ ಬಾಂಗ್ ಎಂದರೆ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಆಡುವ ಕಂಪ್ಯೂಟರ್ ಕೇಂದ್ರ. 1998ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ ಆಟ ಕೊರಿಯಾವನ್ನು ಇ-ಕ್ರೀಡೆಯ ದೇಶವಾಗಿಸಿದ್ದು ಇಂಥ ಕೋಣೆಗಳಲ್ಲೇ. ಯಂತ್ರದಲ್ಲಿ ಹಣ ಕಟ್ಟುವಾಗ ಸದಸ್ಯರಲ್ಲದವರು ‘ಪಿಹ್ವೆವೊನ್’ ಒತ್ತಬೇಕು, ಕುಳಿತಲ್ಲಿಂದಲೇ ಪರದೆಯ ಮೇಲೆ ತಿಂಡಿ ತರಿಸಬಹುದು. ಕೊರಿಯಾದ ಅನೇಕ ಆಟಗಳ ಖಾತೆಗೆ ಅಲ್ಲಿನ ಮೊಬೈಲ್ ಸಂಖ್ಯೆಯಿಂದ ಗುರುತು ದೃಢಪಡಿಸಬೇಕಾಗುತ್ತದೆ, ಅಲ್ಪಾವಧಿಗೆ ಹೋಗುವವರು ಅದನ್ನು ಮೊದಲೇ ತಿಳಿದಿರಬೇಕು. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಇಟ್ಟುಕೊಳ್ಳಿ.

ಮಟ್ಟದ ಪರೀಕ್ಷೆಯಲ್ಲಿ ಬರಹದ ನಂತರ ಮೌಖಿಕವಿತ್ತು. ಏಕೆ ಕೊರಿಯನ್ ಕಲಿಯುತ್ತೀರಿ ಎಂದು ಶಿಕ್ಷಕಿ ಕೇಳಿದರು. ಆಟದ ವಿಷಯವನ್ನು ‘ಸುಮ್ನಿದಾ’ ರೂಪದಲ್ಲೇ ಹೇಳಿದೆ. ಅವರು ಮುಂದಿನ ಪ್ರಶ್ನೆಗಳನ್ನೆಲ್ಲ ಎಲ್‌ಸಿಕೆ ಬಗ್ಗೆಯೇ ಕೇಳಿದ್ದರಿಂದ ನನಗೆ ಮಾತಿಗೆ ಕೊರತೆಯಾಗಲಿಲ್ಲ. ಎರಡನೆಯ ಹಂತ ಸಿಕ್ಕಿತು. ತರಗತಿಯಲ್ಲಿ ಕೇಳುವುದು, ವಾಕ್ಯ ಕಟ್ಟುವುದು ನನಗೆ ಹಗುರವಾಗಿತ್ತು. ಕೈಬರಹದ ಪ್ರಬಂಧದಲ್ಲಿ ಹಿಂದೆ ಬಿದ್ದಿದ್ದೆ, ಏಕೆಂದರೆ ಟೋಪಿಕ್ ಒಂದರಲ್ಲಿ ಬರವಣಿಗೆಯ ಭಾಗವೇ ಇಲ್ಲ. ಟೋಪಿಕ್ ಎರಡರ ಬರವಣಿಗೆ ಭಾಗದ ಕೊನೆಯ ಪ್ರಶ್ನೆಗೆ 600ರಿಂದ 700 ಅಕ್ಷರಗಳ ಪ್ರಬಂಧವನ್ನು ಚೌಕಮನೆಯ ಹಾಳೆಯಲ್ಲಿ ತುಂಬಬೇಕು. ಈಗ ಹಾಸನಕ್ಕೆ ಮರಳಿದ ಮೇಲೆ ಅದರ ಅಭ್ಯಾಸ ನಡೆದಿದೆ. ಬರೆದದ್ದನ್ನು ಗೆಳತಿಗೆ ಕಳುಹಿಸುತ್ತೇನೆ, ಹೊಲದಲ್ಲಿ ನೀರು ಹಾಕುತ್ತಾ ಅವಳು ನನ್ನ ‘ಉನ್’, ‘ನುನ್’ಗಳನ್ನು ತಿದ್ದುತ್ತಾಳೆ.