ಎಂಡ್ಯೂರೋ ಬೈಕಿನ ಫೋಮ್ ಫಿಲ್ಟರ್: ಬೇಸಿಗೆ ಧೂಳಿಗೆ ಮುಂಚೆ

ಬೆಂಗಳೂರಿನ ಸುತ್ತ ಬೇಸಿಗೇಲಿ ಟ್ರೇಲ್‌ಗೆ (ಮಣ್ಣಿನ ಕಚ್ಚಾದಾರಿಗೆ) ಹೋಗೋರು ಪ್ರತಿ ರೈಡ್ ಆದ್ಮೇಲೂ ಏರ್ ಫಿಲ್ಟರ್ ಬಿಚ್ಚಿ ನೋಡಿ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಗಾಳಿ ಕ್ರ್ಯಾಂಕ್‌ಕೇಸ್ (ಪಿಸ್ಟನ್ ಕೆಳಗೆ ಕ್ರ್ಯಾಂಕ್ ತಿರುಗೋ ಭಾಗ) ಮೂಲಕವೇ ಹೋಗುತ್ತೆ. ನಮ್ಮ ಕೆಂಪು ಧೂಳು ಪಿಸ್ಟನ್ ರಿಂಗ್ ಜೊತೆಗೆ ಬಿಗ್ ಎಂಡ್ ಬೇರಿಂಗನ್ನೂ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರೋ ಕಡೆಯ ಬೇರಿಂಗ್) ಸವೆಸುತ್ತೆ.

ಪೆಟ್ರೋಲಲ್ಲಿ ತೊಳೀಲೇಬೇಡಿ, ಫೋಮಿನ ಅಂಟು ಬಿಡುತ್ತೆ. ಫಿಲ್ಟರ್ ಕ್ಲೀನರ್, ಇಲ್ಲದಿದ್ರೆ ಸೀಮೆಎಣ್ಣೆ. ಅಂಗೈಯಲ್ಲಿ ಒತ್ತಿ ತೆಗೀರಿ, ಬಟ್ಟೆ ಥರ ತಿರುಚಿ ಹಿಂಡಿದ್ರೆ ಜೋಡಣೆ ಹರಿಯುತ್ತೆ. ಆಮೇಲೆ ಸೋಪುನೀರು, ನೆರಳಲ್ಲಿ ಪೂರ್ತಿ ಒಣಗಲಿ.

ಫಿಲ್ಟರ್ ಆಯಿಲ್ ಬಣ್ಣ ಎಲ್ಲ ಕಡೆ ಒಂದೇ ಸಮ ಕಾಣೋವರೆಗೆ ಹಚ್ಚಿ. ಎಂಜಿನ್ ಆಯಿಲ್ ಬೇಡ, ಕೆಳಗಿಳಿದು ಮೇಲ್ಭಾಗ ಒಣಗುತ್ತೆ. ಅಂಚಿಗೆ ತೆಳುವಾಗಿ ಗ್ರೀಸ್.

ಕೂರಿಸೋ ಮುಂಚೆ ಏರ್‌ಬೂಟ್ (ಫಿಲ್ಟರ್‌ನಿಂದ ಎಂಜಿನ್ ಕಡೆ ಗಾಳಿ ಒಯ್ಯೋ ರಬ್ಬರ್ ಕೊಳವೆ) ಒಳಗೆ ಬಿಳಿ ಬಟ್ಟೆ ಆಡಿಸಿ. ಬಟ್ಟೆ ಕೆಂಪಗಾದ್ರೆ ಹಿಂದಿನ ಸಲ ಫಿಲ್ಟರ್ ಸರಿಯಾಗಿ ಕೂತಿರ್ಲಿಲ್ಲ ಅಂತ.