ಗೊತ್ತಿರುವ ಕಥೆಯನ್ನೇ ಮತ್ತೆ ಓದಿ ನೋಡಿ

ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಹೊರಗೆ ಹೋಗೋ ಮಾತೇ ಇಲ್ಲ, ಅದರ ಮೇಲೆ ಕರೆಂಟ್ ಬೇರೆ ಹೋಗುತ್ತದೆ. ಆಗ ಹೊಸ ಪುಸ್ತಕ ಹಿಡಿಯಬೇಡಿ, ತಲೆಗೆ ಹತ್ತುವುದಿಲ್ಲ. ಒಮ್ಮೆ ಓದಿದ ಪತ್ತೇದಾರಿ ಸರಣಿಯನ್ನೇ ಮತ್ತೆ ತೆಗೆಯಿರಿ. ನಾನಂತೂ ಎಲ್ಲಿಸ್ ಪೀಟರ್ಸ್ ಬರೆದ ಬ್ರದರ್ ಕ್ಯಾಡ್‌ಫೇಲ್ ಕಾದಂಬರಿಗಳಿಗೆ ಮರಳುತ್ತೇನೆ. 12ನೇ ಶತಮಾನದ ಇಂಗ್ಲೆಂಡ್, ಶ್ರೂಸ್‌ಬರಿಯ ಮಠ, ಅಲ್ಲಿ ಔಷಧಿ ಗಿಡಗಳ ತೋಟ ನೋಡಿಕೊಳ್ಳುವ ಒಬ್ಬ ಮಾಜಿ ಸೈನಿಕ ಸನ್ಯಾಸಿ, ಕೊಲೆ ಆದರೆ ಸುಮ್ನೆ ಕೂರದವನು. 1977ರಿಂದ 1994ರವರೆಗೆ ಒಟ್ಟು 20 ಕಾದಂಬರಿ ಬಂದಿವೆ.

ಕೊಲೆಗಾರ ಯಾರು ಅಂತ ಮೊದಲೇ ಗೊತ್ತಲ್ವಾ, ಹಾಗಾಗಿ ಅವಸರ ಇರುವುದಿಲ್ಲ, ಮೊದಲ ಸಲ ಹಾರಿಸಿದ ತೋಟ, ಮಳೆ, ಅಡುಗೆಮನೆ ಎಲ್ಲಾ ಈಗ ಕಾಣುತ್ತವೆ. ಸುಳಿವು ಎಲ್ಲಿ ಬಚ್ಚಿಟ್ಟಿದ್ದಾರೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಮಜಾ ಇದೆ. ಓದುವುದು ಮಾತ್ರ ಕ್ರಮದಲ್ಲೇ, ಯಾಕೆಂದರೆ ಇಂಗ್ಲೆಂಡಿನ ರಾಜ ಸ್ಟೀಫನ್ ಮತ್ತು ಅವನ ಸೋದರ ಸಂಬಂಧಿ ಮಟಿಲ್ಡಾರ ಸಿಂಹಾಸನದ ಜಗಳ ಪುಸ್ತಕದಿಂದ ಪುಸ್ತಕಕ್ಕೆ ಮುಂದುವರಿಯುತ್ತದೆ.

ಬಿಸಿಲು ಇಳಿದ ಮೇಲೆ ಒಂದು ದಿನ ಮಸ್ಕಿಗೂ ಹೋಗಿ ಬನ್ನಿ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕನ ಹೆಸರೇ ಇತ್ತು, ಹಾಗಾಗಿ ಆ ಬಿರುದಿನ ರಾಜ ಯಾರು ಅನ್ನೋದು ಖಚಿತವಾಯಿತು. ನಮ್ಮ ಜಿಲ್ಲೆಯಲ್ಲೇ ಬಿಡಿಸಿಕೊಂಡ ಒಗಟು ಅದು!